ಕರೆಂಟ್ ಹೋದರೂ ಎಲ್‌ಇಡಿ ಮಿಣುಕುತ್ತಿತ್ತು

ಚಿಪ್ ಬೋರ್ಡ್‌ಗೆ ಸೆನ್ಸರ್ ಜೋಡಿಸುವ ಬಗ್ಗೆ ನೀವು ಬರೆದ ಲೇಖನ ಚೆನ್ನಾಗಿದೆ. ಆದರೆ ‘ವೋಲ್ಟೇಜ್ ಸರಿ ಇದ್ದರೆ ಸಾಕು, ಬೋರ್ಡ್‌ಗಿಂತ ಸೆನ್ಸರ್‌ಗೆ ಮೊದಲು ಪವರ್ ಬಂದರೂ ಪರವಾಗಿಲ್ಲ’ ಅಂದಿದ್ದೀರಲ್ಲ, ಅದನ್ನು ಒಪ್ಪುವುದು ಕಷ್ಟ.

ನಮ್ಮದು ಮೂಡಿಗೆರೆ ಕಡೆ ಕಾಫಿ ತೋಟ. ಹೂಮಳೆ (ಕಾಫಿ ಹೂ ಅರಳಿಸುವ ಮಳೆ) ಕೈಕೊಟ್ಟರೆ ಸ್ಪ್ರಿಂಕ್ಲರ್ ಹಾಕಬೇಕು. ಮಣ್ಣಿನ ತೇವ ನೋಡಲು ಎಟಿಮೆಗಾ328ಪಿ ಅನ್ನುವ, ಪುಟ್ಟ ಕಂಪ್ಯೂಟರಿನಂಥ ಚಿಪ್ ಹಾಕಿ ನಾನೇ ಒಂದು ಬೋರ್ಡ್ ಮಾಡಿದ್ದೆ. ಸೆನ್ಸರ್‌ಗೆ ಬ್ಯಾಟರಿಯಿಂದ 5 ವೋಲ್ಟ್, ಬೋರ್ಡ್‌ಗೆ ಮನೆ ಕರೆಂಟಿನ ಅಡಾಪ್ಟರ್. ನಮ್ಮ ಕಡೆ ಮಳೆಗಾಲದಲ್ಲಿ ಕರೆಂಟ್ ಕಥೆ ಗೊತ್ತೇ ಇದೆ! ಕರೆಂಟ್ ಹೋದರೆ ಬೋರ್ಡ್ ಆರಬೇಕು ಅಲ್ವಾ? ಅದರ ಕೆಂಪು ಎಲ್‌ಇಡಿ ಸಣ್ಣಗೆ ಮಿಣುಕುತ್ತಲೇ ಇತ್ತು. ಮೀಟರ್ ಇಟ್ಟು ನೋಡಿದರೆ ಚಿಪ್ಪಿಗೆ ಪವರ್ ಕೊಡುವ ವಿಸಿಸಿ ಪಿನ್ನಿನಲ್ಲಿ ಹತ್ತಿರ ಹತ್ತಿರ 4 ವೋಲ್ಟ್. ಸೆನ್ಸರಿನ ಸಿಗ್ನಲ್ ವೈರಿನಿಂದ ಬಂದ ಕರೆಂಟ್, ಆ ವೈರ್ ಸೇರುವ ಪಿನ್ನಿನ ಒಳಗಿರುವ ರಕ್ಷಣೆಯ ಡಯೋಡ್ (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಭಾಗ) ಹಾದು ಕಳ್ಳದಾರಿಯಲ್ಲಿ ಚಿಪ್ಪಿಗೆ ನುಗ್ಗುತ್ತಿತ್ತು.

ಈ ಚಿಪ್ಪಿನ ಪಿನ್ನಿಗೆ ವಿಸಿಸಿಗಿಂತ 0.5 ವೋಲ್ಟ್‌ವರೆಗೆ ಮಾತ್ರ ಹೆಚ್ಚು ಇರಬಹುದು ಅಂತ ತಯಾರಕರ ಡೇಟಾಶೀಟ್ (ಚಿಪ್ಪಿನ ವಿವರಪತ್ರ) ಹೇಳುತ್ತದೆ. ವಿಸಿಸಿಯೇ ಇಲ್ಲದಾಗ 5 ವೋಲ್ಟ್ ಕೊಟ್ಟರೆ? ಕೆಲವೊಮ್ಮೆ ಲ್ಯಾಚ್-ಅಪ್ ಆಗಿ ಒಳಗೇ ಶಾರ್ಟ್ ಆದ ಹಾಗೆ ಆಗುತ್ತದೆ. ನನ್ನ ಎರಡನೇ ಚಿಪ್ ಹೋದಾಗ ಬೆರಳಿಟ್ಟರೆ ಚುರ್ ಅನ್ನುತ್ತಿತ್ತು.

ಮೊದಲು ಸಿಗ್ನಲ್ ವೈರಿನ ಮಧ್ಯೆ 10 ಕಿಲೋಓಮ್ ರೆಸಿಸ್ಟರ್ ಹಾಕಿದೆ. ಆಗ ನುಗ್ಗುವ ಕರೆಂಟ್ ಅರ್ಧ ಮಿಲಿಆಂಪಿಗಿಂತ ಜಾಸ್ತಿ ಆಗುವುದಿಲ್ಲ. ಆಮೇಲೆ ಸೆನ್ಸರ್‌ಗೂ ಬೋರ್ಡ್‌ನ 5 ವೋಲ್ಟನ್ನೇ ಕೊಟ್ಟುಬಿಟ್ಟೆ. ಎರಡೂ ಒಟ್ಟಿಗೆ ಬರುತ್ತವೆ, ಒಟ್ಟಿಗೆ ಹೋಗುತ್ತವೆ. ಈಗ ಕರೆಂಟ್ ಹೋದರೆ ಎಲ್‌ಇಡಿ ಪೂರ್ತಿ ಆರುತ್ತದೆ.