ಬಂಡೆಯ ಮೇಲಿನ ಅರ್ಧ ಗಂಟೆ

ಭಾನುವಾರ ಬೆಳಿಗ್ಗೆ ನಾನು ಲಾಲ್‌ಬಾಗಿಗೆ ಹೋಗುವುದು ಅರ್ಧ ಗಂಟೆ ಸುಮ್ಮನೆ ಕೂರುವುದಕ್ಕೆ, ಅಷ್ಟೇ. ಕೆಂಪೇಗೌಡರ ಗೋಪುರ ಹೊತ್ತ ಆ ಬಂಡೆಗೆ ಸುಮಾರು 300 ಕೋಟಿ ವರ್ಷ. ಅದರ ಮೇಲೆ ಕುಳಿತರೆ ವಾರವಿಡೀ ತಲೆಯಲ್ಲಿ ಗಿರಗಿರನೆ ಸುತ್ತಿದ್ದೆಲ್ಲ ತಣ್ಣಗಾಗುತ್ತದೆ.

ಈಗ ಅಲ್ಲಿಯೂ ಚರ್ಚೆ! ಕೆಳಗಿನ ಬೆಂಚಿನಲ್ಲಿ ಮೂವರು ಹಿರಿಯರು, ಒಬ್ಬರ ಮೊಬೈಲ್‌ನಲ್ಲಿ ಟಿವಿಯವರ ಕಿರುಚಾಟ, ಅದನ್ನು ಮೀರಿಸುವ ಇವರ ದನಿ. ಈ ವಾರ ಹೆಂಗಸರಿಗೆ ಸರ್ಕಾರಿ ಬಸ್ ಪ್ರಯಾಣ ಉಚಿತ ಮಾಡಿದ ಶಕ್ತಿ ಯೋಜನೆಯ ಸರದಿ. “ಪುಕ್ಕಟೆ ಕೊಟ್ಟು ಕೊಟ್ಟು ಈ ಹೆಂಗಸರನ್ನು ಕೆಡಿಸಿಟ್ಟಿದ್ದಾರೆ” ಎಂದರು ಒಬ್ಬರು. ಎರಡು ಮಾರು ದೂರದಲ್ಲಿ ಒಬ್ಬಾಕೆ ಒಣಗಿದ ಎಲೆ ಗುಡಿಸುತ್ತಿದ್ದರು. ಪೊರಕೆಯ ಸದ್ದು ಒಂದು ಕ್ಷಣ ನಿಂತಿತು, ಮತ್ತೆ ಶುರುವಾಯಿತು.

ಚರ್ಚೆ ಬೇಡವೆನ್ನುತ್ತಿಲ್ಲ. 2023ರ ಜೂನ್ 11ರಂದು ಶುರುವಾದ ಯೋಜನೆಗೆ ಹಣ ಎಲ್ಲಿಂದ, ಸಾರಿಗೆ ನಿಗಮಗಳಿಗೆ ಅದು ಸಕಾಲಕ್ಕೆ ಸೇರುತ್ತದೆಯೇ, ಬಸ್ಸುಗಳು ಸಾಕೇ? ನಾನೂ ಕೇಳುತ್ತೇನೆ. ಆದರೆ ಎದುರಿಗೇ ಇರುವ ಮನುಷ್ಯಳನ್ನು ಇಲ್ಲವೆಂಬಂತೆ ಮಾಡಿ ಮಾತನಾಡುವುದನ್ನು ಕಂಡರೆ ನನಗೆ ಹೊಟ್ಟೆ ಉರಿಯುತ್ತದೆ.

“ಸಾರ್, ಸ್ವಲ್ಪ ಮೆಲ್ಲಗೆ” ಎಂದೆ.

“ಇದು ಸಾರ್ವಜನಿಕ ಜಾಗ ಕಣಮ್ಮ.”

ಹೌದು. ಪೊರಕೆ ಹಿಡಿದ ಆಕೆಗೂ ಇದು ಸಾರ್ವಜನಿಕ ಜಾಗವೇ ಎಂದು ಗಟ್ಟಿಯಾಗಿ ಹೇಳಬೇಕಿತ್ತು. ಗಂಟಲು ಕಟ್ಟಿತು, ಹೇಳಲಾಗಲಿಲ್ಲ. ಇಳಿದು ಹೋಗುವಾಗ ಆಕೆಯೇ ಬುಟ್ಟಿ ಸರಿಸಿ ದಾರಿ ಬಿಟ್ಟು, “ದಿನವೂ ಇದ್ದದ್ದೇ ಅಕ್ಕಾ, ಕೆರೆಯ ಕಡೆ ಹೋಗಿ, ಅಲ್ಲಿ ಜನ ಕಡಿಮೆ” ಎಂದರು.