ಗದ್ದೆ ಎಂಬ ಕಣ್ತಪ್ಪು

ಗೋವೆಯಲ್ಲಿ ಭತ್ತದ ಗದ್ದೆಯಾಗಿ ಬದುಕುವುದು ಈಚೆಗೆ ಬಹಳ ಅಪಾಯದ ಕಸುಬು. ತಲೆತಲಾಂತರದಿಂದ ನೀರು ಕುಡಿದು, ಕೊಕ್ಕರೆಗಳ ಹೊಟ್ಟೆ ತುಂಬಿಸಿ, ಯಾರ ತಂಟೆಗೂ ಹೋಗದೆ ಬಿದ್ದುಕೊಂಡಿದ್ದ ಗದ್ದೆಗೆ ಒಂದು ದಿನ ಸರ್ಕಾರಿ ಗೆಜೆಟ್ಟಿನಿಂದ ತಿಳಿದುಬರುತ್ತದೆ: ತಾನು ಗದ್ದೆಯೇ ಅಲ್ಲ, ನಕ್ಷೆ ಬರೆದವರ ಕಣ್ತಪ್ಪು.

ಉತ್ಪ್ರೇಕ್ಷೆ ಎಂದುಕೊಳ್ಳಬೇಡಿ. 2023ರಲ್ಲಿ ಇಲ್ಲಿನ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಗೆ 17(2) ಎಂಬ ಕಲಂ ಸೇರಿತು. ಯಾವ ನೆಲ ಯಾವ ಬಳಕೆಗೆ ಎಂದು ಗುರುತಿಸುವ 2021ರ ಪ್ರಾದೇಶಿಕ ಯೋಜನೆಯಲ್ಲಿ ಅಚಾತುರ್ಯದಿಂದ ನುಸುಳಿದ ದೋಷಗಳನ್ನು ತಿದ್ದುವುದು ಅದರ ಘೋಷಿತ ಕೆಲಸ. ಅರ್ಜಿ ಹಾಕಿ ಶುಲ್ಕ ಕಟ್ಟಿದರೆ ಗದ್ದೆಯೂ ತೋಟವೂ ಗುಡ್ಡದ ಹಸಿರೂ ವಸತಿ ಪ್ರದೇಶವಾಗಿ ಸರಿಹೋಗುತ್ತಿದ್ದವು. ಸರ್ಕಾರದ ತಪ್ಪನ್ನು ಪ್ರಜೆ ತನ್ನ ದುಡ್ಡಿನಲ್ಲಿ ತಿದ್ದಿಸಿಕೊಳ್ಳುವುದು ನಮಗೇನೂ ಹೊಸದಲ್ಲ. ಆಧಾರ್ ಕಾರ್ಡಿನಲ್ಲಿ ಅಪ್ಪನ ಹೆಸರು ಸರಿಮಾಡಿಸಲು ಅಲೆದವರನ್ನು ಕೇಳಿ. ಆದರೆ ಆ ತಪ್ಪುಗಳು ಪಕ್ಷಪಾತ ಅರಿಯವು. ರಾಮಪ್ಪ ಭೀಮಪ್ಪನಾಗುತ್ತಾನೆ, ಭೀಮಪ್ಪ ರಾಮಪ್ಪನಾಗುತ್ತಾನೆ. ಗೋವೆಯ ತಪ್ಪುಗಳಿಗೆ ಮಾತ್ರ ಒಂದೇ ದಿಕ್ಕು. ‘ನನ್ನ ಈಜುಕೊಳ ವಾಸ್ತವದಲ್ಲಿ ಸಸಿಮಡಿ, ದಯವಿಟ್ಟು ತಿದ್ದಿಕೊಡಿ’ ಎಂದು ಅರ್ಜಿ ಹಿಡಿದು ನಿಂತ ವಿಲ್ಲಾ ಮಾಲೀಕನನ್ನು ನಾನಂತೂ ಕಂಡಿಲ್ಲ.

ಅದೇ 2023ರಲ್ಲಿ ಅದೇ ವಿಧಾನಸಭೆ ಇನ್ನೊಂದು ಕಾನೂನನ್ನೂ ಮಾಡಿತು: ಭತ್ತದ ಗದ್ದೆಯನ್ನು ಕೃಷಿಕರಲ್ಲದವರಿಗೆ ಮಾರುವಂತಿಲ್ಲ. ಎರಡನ್ನೂ ಜೊತೆಗಿಟ್ಟು ಓದಿದಾಗ ನನ್ನ ಮಂದಬುದ್ಧಿಗೆ ಹೊಳೆದದ್ದಿಷ್ಟು: ಗದ್ದೆಯ ಪಾವಿತ್ರ್ಯ ಕಾಪಾಡಲೇಬೇಕು, ಅದು ಗದ್ದೆಯಾಗಿ ಉಳಿದಿರುವಷ್ಟು ಕಾಲ.

ಪಾಪ, ಹಿರಿಯರಿಗೆ ಇದೆಲ್ಲ ಗೊತ್ತಿರಲಿಲ್ಲ. ಕುಮಟಾ ಕಡೆಯವರು ಗಜನಿ ಎನ್ನುವ ಉಪ್ಪುನೀರಿನ ಭೂಮಿಯನ್ನು ಇಲ್ಲಿ ಖಾಜನ್ ಎನ್ನುತ್ತಾರೆ. ಉಬ್ಬರದ ಮಟ್ಟಕ್ಕಿಂತ ಕೆಳಗಿನ ಕೆಸರಿಗೆ ಒಡ್ಡು ಕಟ್ಟಿ, ಅಲ್ಲಿ ಕಗ್ಗ ಬೆಳೆದಂತೆ ಇಲ್ಲಿ ಕೊರ್ಗುಟ್ ಭತ್ತ ಬೆಳೆದರು. ಒಡ್ಡಿನಲ್ಲೊಂದು ತೂಬು, ಹೆಸರು ಮಾನಸ್. ಉಬ್ಬರ ಬಂದರೆ ಅದರ ಮರದ ಬಾಗಿಲು ನೀರಿನ ಒತ್ತಡಕ್ಕೆ ತಾನೇ ಮುಚ್ಚಿಕೊಳ್ಳುತ್ತದೆ. ಇಳಿತದಲ್ಲಿ ತಾನೇ ತೆರೆದುಕೊಂಡು ಗದ್ದೆಯ ನೀರನ್ನು ನದಿಗೆ ಬಿಡುತ್ತದೆ. ವಿದ್ಯುತ್ತಿಲ್ಲ, ಟೆಂಡರಿಲ್ಲ, ಉದ್ಘಾಟನೆಗೆ ರಿಬ್ಬನ್ನಿಲ್ಲ. ಸುಸ್ಥಿರ ಕೃಷಿಯ ಬಗ್ಗೆ ಪಂಚತಾರಾ ಹೋಟೆಲಿನಲ್ಲಿ ಸಮ್ಮೇಳನ ನಡೆಸುವವರು ಮಧ್ಯಾಹ್ನದ ಊಟದ ನಂತರ ಕಿಟಕಿಯ ಪರದೆ ಸರಿಸಿದ್ದರೂ ಸಾಕಿತ್ತು. ಇರಲಿ. ಟೆಂಡರೇ ಇಲ್ಲದೆ ಇಷ್ಟು ಕಾಲ ಕೆಲಸ ಮಾಡಿದ ವ್ಯವಸ್ಥೆಯನ್ನು ದೋಷವೆನ್ನದೆ ಇನ್ನೇನೆನ್ನಬೇಕು?

2025ರ ಮಾರ್ಚಿನಲ್ಲಿ ಬಾಂಬೆ ಹೈಕೋರ್ಟಿನ ಗೋವಾ ಪೀಠ 17(2)ರ ನಿಯಮಗಳನ್ನು ರದ್ದುಪಡಿಸಿ, ಕಲಮಿನ ರೆಕ್ಕೆಪುಕ್ಕವನ್ನೂ ಕತ್ತರಿಸಿತು. ಗದ್ದೆಗಳು ಹಿಗ್ಗುವಂತಿರಲಿಲ್ಲ, ಏಕೆಂದರೆ 2024ರಲ್ಲೇ ಅದೇ ಕಾಯ್ದೆಯಲ್ಲಿ ಆ ಕಲಮಿಗೆ 39ಎ ಎಂಬ ತಮ್ಮ ಹುಟ್ಟಿಕೊಂಡಿದ್ದ. ಇವನು ಅಣ್ಣನಿಗಿಂತ ಪ್ರಾಮಾಣಿಕ. ದೋಷ, ಅಚಾತುರ್ಯ ಎಂಬ ನೆಪವನ್ನೂ ಇಟ್ಟುಕೊಂಡಿಲ್ಲ. ವಲಯ ಬದಲಾಗಬೇಕೆಂದರೆ ಬದಲಾಗಬಹುದು, ಅಷ್ಟೇ. ಆಕ್ಷೇಪ ಸಲ್ಲಿಸಲು ಸಾರ್ವಜನಿಕರಿಗೆ 30 ದಿನ. ಅಷ್ಟರಲ್ಲಿ ಭತ್ತಕ್ಕೆ ತೆನೆಯೂ ಬಂದಿರುವುದಿಲ್ಲ.

ಹಾಗೆಂದು ನೀತಿಗಳಿಗೆ ಬರವಿಲ್ಲ. 2020ರಲ್ಲಿ ‘ಸ್ವಯಂಪೂರ್ಣ ಗೋವಾ’, 2025ರಲ್ಲಿ ‘ಅಮೃತಕಾಲ ಕೃಷಿ ನೀತಿ’. ಸ್ವಯಂಪೂರ್ಣತೆ ಬೆಳಗಾವಿಯಲ್ಲಿ ಬೆಳೆಯುತ್ತದೆ. ಟೊಮೆಟೊ, ಎಲೆಕೋಸು, ಹಸಿಮೆಣಸಿನಕಾಯಿಯ ರೂಪದಲ್ಲಿ ಲಾರಿಯೇರಿ ಘಟ್ಟ ಇಳಿಯುತ್ತದೆ. ಮಳೆಗಾಲದಲ್ಲಿ ಚೋರ್ಲಾ ಘಾಟಿನಲ್ಲಿ ಲಾರಿ ಸಿಕ್ಕಿಕೊಂಡರೆ ಮಡಗಾವಿನ ಮಾರುಕಟ್ಟೆಯಲ್ಲಿ ಸ್ವಾವಲಂಬನೆಗೆ ಕೆಮ್ಮು ಹಿಡಿಯುತ್ತದೆ.

ಅದೇ ಘಟ್ಟ ಇಳಿದು ನಮ್ಮ ಜನರೂ ಬರುತ್ತಾರೆ, ಬಾಗಲಕೋಟೆ, ಕೊಪ್ಪಳ, ವಿಜಯಪುರದ ಕಡೆಯವರು. ಮಳೆ ಕೈಕೊಟ್ಟು ಒಣಗಿದ ಹೊಲ ಬಿಟ್ಟು ಬಂದವರಿಗೆ ಇಲ್ಲಿ ನೀರು ನಿಂತ ಗದ್ದೆಗೆ ಕೆಂಪುಮಣ್ಣು ಸುರಿದು ಒಣಗಿಸುವ ದಿನಗೂಲಿ ಸಿಗುತ್ತದೆ. ಹಸಿರು ಆರ್ಥಿಕತೆ ಉದ್ಯೋಗ ಸೃಷ್ಟಿಸುತ್ತದೆ ಎಂದವರು ಸುಳ್ಳು ಹೇಳಿಲ್ಲ. ಏಳುವ ಕಟ್ಟಡದ ಹೆಸರು ‘ಗದ್ದೆ ನೋಟದ ವಿಲ್ಲಾ’. ಮೊದಲ ಸಾಲಿನವರಿಗೆ ಗದ್ದೆ ಕಾಣುತ್ತದೆ, ಮುಂದಿನ ವರ್ಷ ಎರಡನೆಯ ಸಾಲು ಕಾಣುತ್ತದೆ.

ಇಂಥದ್ದೊಂದು ಕೆಲಸದಲ್ಲಿದ್ದ ಹುನಗುಂದದ ಮೇಸ್ತ್ರಿಯೊಬ್ಬರಿಗೆ ಖಾಜನ್, ಕೊರ್ಗುಟ್, ಕಲಂ, ಕೋರ್ಟು ಎಲ್ಲವನ್ನೂ ಆವೇಶದಿಂದ ವಿವರಿಸಿದೆ. ಕರಣೆ ಕೆಳಗಿಟ್ಟು ಶಾಂತವಾಗಿ ಕೇಳಿಸಿಕೊಂಡರು. ಅವರಿಗೂ ಊರಿನಲ್ಲಿ ನಾಲ್ಕೆಕರೆ ಇದೆಯಂತೆ. ಜೋಳ ಬಿತ್ತಿದರೆ ಬೀಜದ ದುಡ್ಡೂ ಹುಟ್ಟುವುದಿಲ್ಲವಂತೆ.

“ನಮ್ಮ ಹೊಲವನ್ನೂ ತಪ್ಪು ಎಂದು ಬರೆಸಬೇಕಾದರೆ ಫೀ ಎಷ್ಟಾಗುತ್ತದೆ ಸರ್?” ಎಂದು ಕೇಳಿದರು.