ಬಲಿಷ್ಠ ಕ್ಲಬ್‌ಗಳಿಗೆ ಅರ್ಹತಾ ಸುತ್ತು ಬೇಕಾ? ಮಹಿಳಾ ಚಾಂಪಿಯನ್ಸ್ ಲೀಗ್: ಪರ-ವಿರೋಧ

ಯುರೋಪಿನ ಕ್ಲಬ್‌ಗಳ ಫುಟ್‌ಬಾಲ್ ಟೂರ್ನಿಯಾದ ಮಹಿಳಾ ಚಾಂಪಿಯನ್ಸ್ ಲೀಗ್ 2025-26ರಿಂದ ಹೊಸ ರೂಪ ಪಡೆದಿದೆ. ಮೊದಲು ನಾಲ್ಕು ಗುಂಪುಗಳಲ್ಲಿ 16 ತಂಡಗಳಿದ್ದವು. ಈಗ 18 ತಂಡಗಳಿಗೂ ಒಂದೇ ಅಂಕಪಟ್ಟಿ, ಪ್ರತಿ ತಂಡಕ್ಕೆ ಆರು ಪಂದ್ಯ. ಒಂಬತ್ತು ತಂಡಗಳಿಗೆ ನೇರ ಪ್ರವೇಶ ಸಿಗುತ್ತದೆ: ಹಿಂದಿನ ಸಲ ಕಪ್ ಗೆದ್ದವರು, ಯುರೋಪಿನ ಫುಟ್‌ಬಾಲ್ ಸಂಸ್ಥೆ ಯುಇಎಫ್ಎಯ ರ‍್ಯಾಂಕಿಂಗ್‌ನ ಮೊದಲ ಆರು ದೇಶಗಳ ಚಾಂಪಿಯನ್‌ಗಳು ಮತ್ತು ಮೊದಲ ಎರಡು ದೇಶಗಳ ರನ್ನರ್ ಅಪ್‌ಗಳು. ಉಳಿದ ಒಂಬತ್ತು ಸ್ಥಾನಗಳಿಗೆ ಅರ್ಹತಾ ಸುತ್ತಿನಲ್ಲಿ ಗೆದ್ದು ಬರಬೇಕು. ಈ ಹೊಸ ರೂಪದ ಮೊದಲ ಸೀಸನ್‌ನಲ್ಲಿ ರಿಯಲ್ ಮ್ಯಾಡ್ರಿಡ್, ಮ್ಯಾಂಚೆಸ್ಟರ್ ಯುನೈಟೆಡ್‌ನಂಥ ತಂಡಗಳೂ ಹಾಗೇ ಬಂದವು. ಬಲಿಷ್ಠ ಲೀಗ್‌ಗಳ ಎರಡನೇ, ಮೂರನೇ ಸ್ಥಾನದ ತಂಡಗಳಿಗೂ ನೇರ ಪ್ರವೇಶ ಕೊಡಬೇಕೇ?

ಪರ: ಕೊಡಬೇಕು, ಆಟಗಾರ್ತಿಯರಿಗೂ ಉಸಿರಾಡಲು ಸಮಯ ಬೇಕು

2023ರ ಮಹಿಳಾ ವಿಶ್ವಕಪ್ ಫೈನಲ್ ನಡೆದದ್ದು ಆಗಸ್ಟ್ 20ರಂದು, ಸಿಡ್ನಿಯಲ್ಲಿ. ಇಂಗ್ಲೆಂಡಿನ ಆರ್ಸೆನಲ್ ತಂಡ ಸ್ವೀಡನ್ನಿನ ಲಿನ್‌ಶಾಪಿಂಗ್‌ನಲ್ಲಿ ಅರ್ಹತಾ ಪಂದ್ಯಕ್ಕೆ ಇಳಿದದ್ದು ಸೆಪ್ಟೆಂಬರ್ 6ರಂದು. ನಡುವೆ ಮೂರು ವಾರವೂ ಇರಲಿಲ್ಲ. ಆ ತಂಡದ ಅಲೆಸಿಯಾ ರುಸ್ಸೋ ಇಂಗ್ಲೆಂಡ್ ಪರ ಫೈನಲ್ ಆಡಿದ್ದರು. ಸ್ಟೆಫ್ ಕ್ಯಾಟ್ಲಿ ಮತ್ತು ಕೇಟ್ಲಿನ್ ಫೋರ್ಡ್ ಆಸ್ಟ್ರೇಲಿಯಾದ ಜೊತೆ ಸೆಮಿಫೈನಲ್ ತಲುಪಿದ್ದರು. ಸ್ಟಿನಾ ಬ್ಲಾಕ್‌ಸ್ಟೇನಿಯಸ್ ಮೂರನೇ ಸ್ಥಾನ ಪಡೆದ ಸ್ವೀಡನ್ ತಂಡದಲ್ಲಿದ್ದರು. ವಿಶ್ವಕಪ್‌ನಲ್ಲಿ ಮುಂದೆ ಹೋದಷ್ಟೂ ವಿಶ್ರಾಂತಿ ಕಡಿಮೆ. ಚೆನ್ನಾಗಿ ಆಡಿದ್ದಕ್ಕೆ ಸಿಕ್ಕ ಶಿಕ್ಷೆ ಇದು.

ಸೆಪ್ಟೆಂಬರ್ 9ರಂದು ಅಲ್ಲೇ ಪ್ಯಾರಿಸ್ ಎಫ್‌ಸಿ ಎದುರು ಆಟ 3-3ರಲ್ಲಿ ನಿಂತಿತು. ಪೆನಾಲ್ಟಿಯಲ್ಲಿ ಆರ್ಸೆನಲ್ ಸೋತಿತು. ಅವರ ಯುರೋಪ್ ಸೀಸನ್ ಅಲ್ಲಿಗೇ ಮುಗಿಯಿತು. ಇಂಗ್ಲೆಂಡಿನ ಲೀಗ್ ಶುರುವಾದದ್ದೇ ಅಕ್ಟೋಬರ್ 1ಕ್ಕೆ! ಅದೇ ವರ್ಷ ಮೇ ತಿಂಗಳಲ್ಲಿ ಇದೇ ತಂಡದ ಸೆಮಿಫೈನಲ್ ನೋಡಲು ಎಮಿರೇಟ್ಸ್ ಸ್ಟೇಡಿಯಂಗೆ 60,063 ಜನ ಬಂದಿದ್ದರು. ಅಷ್ಟು ಜನರನ್ನು ಸೆಳೆದ ತಂಡವನ್ನು ಸೀಸನ್ ಶುರುವಾಗುವ ಮೊದಲೇ, ಒಂದು ಸಂಜೆಯ ಪೆನಾಲ್ಟಿಗಳ ಮೇಲೆ ಮನೆಗೆ ಕಳಿಸುವುದು ಸರಿಯಾ?

ಅದರ ಹಿಂದಿನ ವರ್ಷವೂ ಹೀಗೇ ಆಗಿತ್ತು. 2022ರ ಜುಲೈ 31ರಂದು ವೆಂಬ್ಲಿಯಲ್ಲಿ ಇಂಗ್ಲೆಂಡ್ ಯೂರೋ (ಯುರೋಪಿನ ರಾಷ್ಟ್ರೀಯ ತಂಡಗಳ ಕಪ್) ಗೆದ್ದಿತು. ಗೆಲುವಿನ ಗೋಲು ಹೊಡೆದದ್ದು ಮ್ಯಾಂಚೆಸ್ಟರ್ ಸಿಟಿಯ ಕ್ಲೋಯಿ ಕೆಲ್ಲಿ. ಸರಿಯಾಗಿ ಮೂರು ವಾರಕ್ಕೆ, ಆಗಸ್ಟ್ 21ರಂದು, ಸಿಟಿ ತಂಡ ರಿಯಲ್ ಮ್ಯಾಡ್ರಿಡ್ ಎದುರು 1-0ರಿಂದ ಸೋತು ಹೊರಬಿತ್ತು. ಗೋಲು ಹೊಡೆದದ್ದು ಆ ಬೇಸಿಗೆಯಲ್ಲೇ ಸಿಟಿ ಬಿಟ್ಟು ಮ್ಯಾಡ್ರಿಡ್ ಸೇರಿದ್ದ ಕೆರೊಲಿನ್ ವೀರ್. ಪಂದ್ಯ ನಡೆದದ್ದು ಮ್ಯಾಡ್ರಿಡ್‌ನವರ ಸ್ವಂತ ಮೈದಾನದಲ್ಲಿ. ಅರ್ಹತೆಯ ಮೊದಲ ಸುತ್ತುಗಳು ಮಿನಿ ಟೂರ್ನಿಯ ರೂಪದಲ್ಲಿ ನಡೆಯುತ್ತವೆ, ಅದರ ನಿಯಮವೇ ಹಾಗೆ. ನಾಲ್ಕು ತಂಡಗಳು ಒಂದೇ ಕಡೆ ಸೇರುತ್ತವೆ, ಅವುಗಳಲ್ಲೇ ಒಂದು ತಂಡ ಆತಿಥ್ಯ ವಹಿಸುತ್ತದೆ. ಮರುಪಂದ್ಯ ಇಲ್ಲ. ಆತಿಥ್ಯ ಸಿಕ್ಕ ತಂಡಕ್ಕೆ ತನ್ನ ಊರು, ತನ್ನ ಜನ. ಉಳಿದವರಿಗೆ ಬ್ಯಾಗ್ ಹೊತ್ತು ಪ್ರಯಾಣ.

ಪುರುಷರ ಫುಟ್‌ಬಾಲ್‌ನಲ್ಲೂ ಪಂದ್ಯಗಳು ಜಾಸ್ತಿಯೇ. ಆದರೆ ಒಂದು ವ್ಯತ್ಯಾಸ ಇದೆ. ಒಲಿಂಪಿಕ್ಸ್‌ಗೆ ಪುರುಷರದ್ದು ಮುಖ್ಯವಾಗಿ 23 ವರ್ಷದೊಳಗಿನ ತಂಡ ಹೋಗುತ್ತದೆ. ಮಹಿಳೆಯರಲ್ಲಿ ಪೂರ್ತಿ ಹಿರಿಯರ ತಂಡವೇ ಹೋಗುತ್ತದೆ. ಲೆಕ್ಕ ಹಾಕಿ ನೋಡಿ: 2022ರಲ್ಲಿ ಯೂರೋ, 2023ರಲ್ಲಿ ವಿಶ್ವಕಪ್, 2024ರಲ್ಲಿ ಒಲಿಂಪಿಕ್ಸ್, 2025ರಲ್ಲಿ ಮತ್ತೆ ಯೂರೋ. ಈ ನಾಲ್ಕಕ್ಕೂ ಅರ್ಹತೆ ಪಡೆದ ದೇಶದ ಆಟಗಾರ್ತಿಗೆ ಸತತ ನಾಲ್ಕು ಬೇಸಿಗೆಯಲ್ಲಿ ಖಾಲಿ ಬೇಸಿಗೆಯೇ ಇಲ್ಲ. ಅದರ ಮೇಲೆ ಆಗಸ್ಟ್-ಸೆಪ್ಟೆಂಬರ್‌ನಲ್ಲಿ ಸೋತರೆ ಹೊರಗೆ ಎನ್ನುವ ಪಂದ್ಯ. 2022-23ರ ಸೀಸನ್‌ನಲ್ಲಿ ಆರ್ಸೆನಲ್ ಒಂದರಲ್ಲೇ ಬೆತ್ ಮೀಡ್, ವಿವಿಯಾನೆ ಮೀಡೆಮಾ, ಲಿಯಾ ವಿಲಿಯಮ್ಸನ್, ಲಾರಾ ವೀನ್‌ರಾಯ್ಟರ್ ನಾಲ್ವರೂ ಮಂಡಿಯ ಎಸಿಎಲ್ ಎಂಬ ಸ್ನಾಯುಬಂಧ ಹರಿದುಕೊಂಡು ಕೂತರು. ಇಂಥ ಗಾಯಕ್ಕೆ ಕಾರಣ ಹಲವು ಇರಬಹುದು. ದಣಿವಿನ ಮೇಲೆ ದಣಿವು ಹೇರುವುದನ್ನು ಮಾತ್ರ ನಾವು ನಿಲ್ಲಿಸಬಹುದು, ಅಲ್ವಾ?

ಸ್ಪರ್ಧೆಯ ಗುಣಮಟ್ಟದ ಪ್ರಶ್ನೆಯೂ ಇದೆ. 2022-23ರಲ್ಲಿ ಅಲ್ಬೇನಿಯಾದ ವ್ಲಾಜ್ನಿಯಾ ಗುಂಪು ಹಂತಕ್ಕೆ ಬಂತು. ಚೆಲ್ಸಿ ಎದುರು 8-0 ಅಂತರದಲ್ಲಿ ಸೋತಿತು, ಆರೂ ಪಂದ್ಯಗಳಲ್ಲಿ ಒಂದು ಅಂಕವೂ ಸಿಗಲಿಲ್ಲ. ಅದೇ ವರ್ಷ ಸಿಟಿ ಮನೆಯಲ್ಲಿ ಕೂತಿತ್ತು. ಬೆಂಗಳೂರಿನಲ್ಲೋ ಮಂಗಳೂರಿನಲ್ಲೋ ರಾತ್ರಿ ಒಂದೂವರೆಗೆ ಎದ್ದು ಕೂತು ಪಂದ್ಯ ನೋಡುವವರಿಗೆ ಒಳ್ಳೆಯ ಪೈಪೋಟಿ ಬೇಕು. ಬಲಿಷ್ಠ ಲೀಗ್‌ನಲ್ಲಿ 22 ಪಂದ್ಯ ಆಡಿ ಮೂರನೇ ಸ್ಥಾನ ಪಡೆದ ತಂಡ ತನ್ನ ಯೋಗ್ಯತೆಯನ್ನು ಆಗಲೇ ತೋರಿಸಿದೆ. ಅದನ್ನು ಮತ್ತೆ ಪರೀಕ್ಷಿಸುವ ಅಗತ್ಯವಿಲ್ಲ.

ವಿರೋಧ: ಬೇಡ, ಸರಿಪಡಿಸಬೇಕಾದದ್ದು ಕ್ಯಾಲೆಂಡರ್

ಲಿನ್‌ಶಾಪಿಂಗ್‌ನ ಕಥೆ ಹೇಳುವವರು ಅದರ ಮುಂದಿನ ವರ್ಷದ ಕಥೆಯನ್ನೂ ಹೇಳಬೇಕು. 2024ರ ಸೆಪ್ಟೆಂಬರ್‌ನಲ್ಲಿ ಆರ್ಸೆನಲ್ ಮತ್ತೆ ಮೊದಲ ಅರ್ಹತಾ ಸುತ್ತಿನಿಂದಲೇ ಹೊರಟಿತು. ರೇಂಜರ್ಸ್ ಎದುರು 6-0, ರೋಸೆನ್‌ಬೋರ್ಗ್ ಎದುರು 1-0. ಆಮೇಲೆ ಸ್ವೀಡನ್ನಿನ ಹೆಕನ್ ಎದುರು ಅಲ್ಲಿ 1-0ರಿಂದ ಸೋತು, ತಮ್ಮ ಮೈದಾನದಲ್ಲಿ 4-0ರಿಂದ ಗೆದ್ದರು. ಗುಂಪಿನ ಮೊದಲ ಪಂದ್ಯದಲ್ಲಿ ಜರ್ಮನಿಯ ಬಯರ್ನ್ ತಂಡ ಅವರಿಗೆ ಐದು ಗೋಲು ಹೊಡೆಯಿತು. ಕೋಚ್ ಯೋನಸ್ ಐಡೆವಾಲ್ ಹೊರಟರು, ರೆನೆ ಸ್ಲೇಗರ್ಸ್ ಬಂದರು. ಕ್ವಾರ್ಟರ್ ಫೈನಲ್‌ನಲ್ಲಿ ಮ್ಯಾಡ್ರಿಡ್‌ನಲ್ಲಿ 2-0ರಿಂದ ಸೋತವರು ಮನೆಯಲ್ಲಿ 3-0ರಿಂದ ಗೆದ್ದರು. ಸೆಮಿಫೈನಲ್‌ನಲ್ಲಿ ಫ್ರಾನ್ಸಿನ ಲಿಯಾನ್ ಎದುರು ಮನೆಯಲ್ಲಿ ಸೋತು, ಲಿಯಾನ್‌ಗೇ ಹೋಗಿ 4-1ರಿಂದ ಗೆದ್ದರು. 2025ರ ಮೇ 24ರಂದು ಲಿಸ್ಬನ್‌ನಲ್ಲಿ ಬಾರ್ಸಿಲೋನಾ ಎದುರು ಬ್ಲಾಕ್‌ಸ್ಟೇನಿಯಸ್ ಹೊಡೆದ ಒಂದೇ ಗೋಲಿನಿಂದ ಕಪ್ ಅವರದಾಯಿತು. ಒಟ್ಟು 15 ಪಂದ್ಯ. ಮೊದಲ ಅರ್ಹತಾ ಸುತ್ತಿನಿಂದ ಹೊರಟು ಕಪ್ ಎತ್ತಿದ ಮೊದಲ ತಂಡ ಅದು. ಆ ಗೆಲುವಿಗೆ ಅಷ್ಟು ತೂಕ ಬಂದದ್ದು ಆ ದಾರಿಯಿಂದಲೇ.

ಈಗ ಲಿನ್‌ಶಾಪಿಂಗ್‌ಗೆ ವಾಪಸ್ ಬರೋಣ. ಆ ದಿನ ಆರ್ಸೆನಲ್ ಸೋತಿತು ಎಂದಷ್ಟೇ ಎಲ್ಲರೂ ಬರೆದರು. ಪ್ಯಾರಿಸ್ ಎಫ್‌ಸಿ ಗೆದ್ದಿತು ಎಂದು ಯಾಕೆ ಬರೆಯಬಾರದು? ಪೆನಾಲ್ಟಿ ತಡೆದ ಅವರ ಗೋಲ್‌ಕೀಪರ್ ಚಿಯಾಮಾಕಾ ನ್ನಾಡೋಜಿಯೂ ನೈಜೀರಿಯಾ ಪರ ಅದೇ ವಿಶ್ವಕಪ್ ಆಡಿ ಬಂದವರು. ಮುಂದಿನ ಸುತ್ತಿನಲ್ಲಿ ಪ್ಯಾರಿಸ್ ಎಫ್‌ಸಿ ಜರ್ಮನಿಯ ವೋಲ್ಫ್ಸ್‌ಬರ್ಗ್ ತಂಡವನ್ನೂ ಹೊರಹಾಕಿತು. ವೋಲ್ಫ್ಸ್‌ಬರ್ಗ್ ಅದೇ ಜೂನ್‌ನಲ್ಲಿ ಫೈನಲ್ ಆಡಿದ್ದ ತಂಡ. ಅದು ಒಂದು ಸಂಜೆಯ ಅದೃಷ್ಟದ ಮಾತಲ್ಲ: ಎರಡು ಪಂದ್ಯ, ಒಟ್ಟು 5-3. ಹೆಸರು ನೋಡಿ ಸೀಟು ಹಂಚಿದ್ದರೆ ಪ್ಯಾರಿಸ್ ಎಫ್‌ಸಿಗೆ ಆ ಅವಕಾಶವೇ ಸಿಗುತ್ತಿರಲಿಲ್ಲ.

ಸೀಟಿನ ಲೆಕ್ಕವನ್ನೂ ಸ್ವಲ್ಪ ನಿಧಾನವಾಗಿ ನೋಡಬೇಕು. 16 ತಂಡಗಳಿದ್ದಾಗ ನಾಲ್ವರಿಗೆ ಮಾತ್ರ ನೇರ ಪ್ರವೇಶ ಇತ್ತು. ಚಾಂಪಿಯನ್‌ಗಳ ಅರ್ಹತಾ ದಾರಿಯಿಂದ ಏಳು ತಂಡ, ಎರಡು-ಮೂರನೇ ಸ್ಥಾನದವರ ದಾರಿಯಿಂದ ಐದು ತಂಡ ಬರುತ್ತಿದ್ದವು. ಈಗ ತಂಡಗಳು 18 ಆಗಿವೆ, ಚಾಂಪಿಯನ್‌ಗಳ ದಾರಿ ಮಾತ್ರ ಏಳರಿಂದ ನಾಲ್ಕಕ್ಕೆ ಇಳಿದಿದೆ. ನಾಲ್ಕರಿಂದ ಆರನೇ ರ‍್ಯಾಂಕಿನ ದೇಶಗಳ ಚಾಂಪಿಯನ್‌ಗಳು ಈಗ ನೇರವಾಗಿ ಬರುತ್ತಾರೆ. ಹಾಗಾಗಿ ಚಾಂಪಿಯನ್‌ಗಳ ಒಟ್ಟು ಸಂಖ್ಯೆ ಕಡಿಮೆಯಾಗಿಲ್ಲ, ನಿಜ. ಆದರೆ ಹೊಸದಾಗಿ ಸೇರಿದ ಎರಡು ಸೀಟು ಹೋದದ್ದು ಯಾರಿಗೆ? ಮೊದಲ ಎರಡು ದೇಶಗಳ ರನ್ನರ್ ಅಪ್‌ಗಳಿಗೆ. 2025-26ರಲ್ಲಿ ಅವರು ಫ್ರಾನ್ಸಿನ ಪಿಎಸ್‌ಜಿ ಮತ್ತು ವೋಲ್ಫ್ಸ್‌ಬರ್ಗ್. ದೊಡ್ಡವರಿಗೆ ಇನ್ನಷ್ಟು ನೇರ ಸೀಟು ಕೊಟ್ಟರೆ ಅವು ಅರ್ಹತಾ ಸುತ್ತಿನ ಪಾಲಿನಿಂದಲೇ ಬರಬೇಕು. ಬೇರೆಲ್ಲೂ ಇಲ್ಲ.

ಆ ಪಾಲಿನಿಂದ ಏನು ಸಿಗುತ್ತದೆ ಎಂದು ಕೇಳುವವರು ನಾರ್ವೆಯ ಬ್ರಾನ್ ತಂಡವನ್ನು ನೋಡಲಿ. 2023-24ರಲ್ಲಿ ಚಾಂಪಿಯನ್‌ಗಳ ಅರ್ಹತಾ ಸುತ್ತಿನಿಂದ ಬಂದು, ಲಿಯಾನ್ ಜೊತೆ 2-2 ಡ್ರಾ ಮಾಡಿಕೊಂಡು ಕ್ವಾರ್ಟರ್ ಫೈನಲ್ ತಲುಪಿತು. 2025-26ರಲ್ಲಿ ಬೆಲ್ಜಿಯಂನ ಒಎಚ್ ಲ್ಯೂವೆನ್ ಮೊದಲ ಸಲವೇ ಮೊದಲ ಹನ್ನೆರಡರೊಳಗೆ ಬಂದು ಪ್ಲೇ-ಆಫ್ ಆಡಿತು. ವ್ಲಾಜ್ನಿಯಾ 8-0ರಿಂದ ಸೋತದ್ದು ನಿಜ. ಆದರೆ ಅಲ್ಬೇನಿಯಾದ ಒಂದು ಕ್ಲಬ್ ಅಲ್ಲಿಯವರೆಗೆ ಬಂದದ್ದೇ ಮೊದಲು. ಆ ದೇಶದ ಹುಡುಗಿಯರಿಗೆ ಇದರ ಬೆಲೆ ಎಷ್ಟು ಅಂತ ಅಂಕಪಟ್ಟಿ ಹೇಳುವುದಿಲ್ಲ.

ಇಲ್ಲಿ ನಮ್ಮ ದೇಶದ ಮಾತೂ ಬರುತ್ತದೆ. ಮಹಿಳಾ ಚಾಂಪಿಯನ್ಸ್ ಲೀಗ್‌ನಲ್ಲಿ ಆಡಿದ ಮೊದಲ ಭಾರತೀಯ ಆಟಗಾರ್ತಿ ಮನೀಶಾ ಕಲ್ಯಾಣ್. 2022ರ ಆಗಸ್ಟ್‌ನಲ್ಲಿ, ಸೈಪ್ರಸ್‌ನ ಅಪೋಲನ್ ಲೇಡೀಸ್ ಪರ, ಲಾಟ್ವಿಯಾದ ಎಸ್‌ಎಫ್‌ಕೆ ರೀಗಾ ಎದುರು. ಅದು ಮೊದಲ ಅರ್ಹತಾ ಸುತ್ತಿನ ಪಂದ್ಯ. ಪಂಜಾಬಿನ ಹೋಶಿಯಾರ್‌ಪುರದ ಹುಡುಗಿಗೆ ಚೆಲ್ಸಿಯೋ ಬಾರ್ಸಿಲೋನಾವೋ ಸುಮ್ನೆ ಕರೆ ಮಾಡುವುದಿಲ್ಲ. ಸೈಪ್ರಸ್, ಕ್ರೊಯೇಷಿಯಾ, ಗ್ರೀಸ್‌ನ ಕ್ಲಬ್‌ಗಳು ಕರೆಯುತ್ತವೆ. ಬೆಂಗಳೂರಿನ ಕಿಕ್‌ಸ್ಟಾರ್ಟ್ ಎಫ್‌ಸಿ ಭಾರತೀಯ ಮಹಿಳಾ ಲೀಗ್‌ನಲ್ಲಿ ಆಡುತ್ತದೆ. ಅಲ್ಲಿಂದ ನಾಳೆ ಒಬ್ಬಳು ಯುರೋಪಿಗೆ ಹೋದರೆ ಅವಳಿಗೂ ಮೊದಲು ಸಿಗುವ ದೊಡ್ಡ ವೇದಿಕೆ ಬಹುಶಃ ಇದೇ ಅರ್ಹತಾ ಸುತ್ತು. ಅದನ್ನು ಸಣ್ಣವರು ಮಾತ್ರ ಆಡುವ, ಯಾರೂ ನೋಡದ ಪಂದ್ಯಾವಳಿ ಮಾಡಿದರೆ ಆ ವೇದಿಕೆಗೆ ಬೆಲೆ ಉಳಿಯುವುದಿಲ್ಲ. ನಾನು ಈ ವಿಷಯದಲ್ಲಿ ಇಷ್ಟು ಗಟ್ಟಿಯಾಗಿ ನಿಲ್ಲಲು ಮುಖ್ಯ ಕಾರಣ ಇದು.

ದಣಿವಿನ ದೂರು ಮಾತ್ರ ನೂರಕ್ಕೆ ನೂರು ನಿಜ. ಆದರೆ ನೇರ ಸೀಟು ಅದಕ್ಕೆ ಮದ್ದಲ್ಲ. ವಿಶ್ವಕಪ್ ಆಡಿ ಬಂದವರು ಪ್ಯಾರಿಸ್ ಎಫ್‌ಸಿಯಲ್ಲೂ ಇದ್ದರು, ಸಣ್ಣ ಕ್ಲಬ್‌ಗಳಲ್ಲೂ ಇರುತ್ತಾರೆ. ಅವರೇನು ದಣಿಯುವುದಿಲ್ಲವೇ? ಸ್ವೀಡನ್, ನಾರ್ವೆ ಲೀಗ್‌ಗಳು ವಸಂತದಿಂದ ನವೆಂಬರ್‌ವರೆಗೆ ನಡೆಯುತ್ತವೆ. ಆಗಸ್ಟ್‌ನಲ್ಲಿ ಆ ತಂಡಗಳು ಆಟದ ಲಯದಲ್ಲಿರುತ್ತವೆ, ಇಂಗ್ಲೆಂಡಿನವರು ಆಗಷ್ಟೇ ತಯಾರಿ ಶುರು ಮಾಡಿರುತ್ತಾರೆ ಎನ್ನುವುದು ಸರಿ. ಆದರೆ ನಾರ್ಡಿಕ್ ತಂಡ ನವೆಂಬರ್‌ನಲ್ಲಿ ಪ್ರಶಸ್ತಿ ಗೆದ್ದು, ಮುಂದಿನ ಬೇಸಿಗೆಯಲ್ಲಿ ಅರ್ಹತಾ ಪಂದ್ಯ ಆಡುವ ಹೊತ್ತಿಗೆ ಅದರ ಒಳ್ಳೆಯ ಆಟಗಾರ್ತಿಯರನ್ನು ಅದೇ ದೊಡ್ಡ ಕ್ಲಬ್‌ಗಳು ಕೊಂಡಿರುತ್ತವೆ.

ಹಾಗಾದರೆ ಏನು ಮಾಡಬೇಕು? ಒಂದೇ ಪಂದ್ಯದಲ್ಲಿ ಹಣೆಬರಹ ನಿರ್ಧರಿಸುವ ಮಿನಿ ಟೂರ್ನಿಯಿಂದ ಮೂರನೇ ಸ್ಥಾನದ ತಂಡಗಳನ್ನು ಬಿಡಿಸಿ, ಎರಡು ಪಂದ್ಯಗಳ ಕೊನೆಯ ಸುತ್ತಿಗೆ ತರಬಹುದು. 2025-26ರಲ್ಲಿ ರಿಯಲ್ ಮ್ಯಾಡ್ರಿಡ್ ನೇರ ಮೂರನೇ, ಅಂದರೆ ಕೊನೆಯ, ಅರ್ಹತಾ ಸುತ್ತಿನಲ್ಲೇ ಬಂದು ಐನ್‌ಟ್ರಾಕ್ಟ್ ಫ್ರಾಂಕ್‌ಫರ್ಟ್ ತಂಡವನ್ನು ಸೋಲಿಸಿತು. ಅದೇ ಸುತ್ತಿನಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ಬ್ರಾನ್ ಎದುರು ಅಲ್ಲಿ 1-0ರಿಂದ ಸೋತು, ಮನೆಯಲ್ಲಿ 3-0ರಿಂದ ಗೆದ್ದು ಮುಂದೆ ಹೋಯಿತು. ಎಡವಿದವರಿಗೆ ಎದ್ದು ನಿಲ್ಲಲು ಎರಡನೇ ಪಂದ್ಯ ಇತ್ತು. ಸೋತ ಫ್ರಾಂಕ್‌ಫರ್ಟ್‌ಗೂ ಹೊಸ ಮಹಿಳಾ ಯುರೋಪಾ ಕಪ್‌ನಲ್ಲಿ ಜಾಗ ಸಿಕ್ಕಿತು. ಕೊನೆಯ ಸುತ್ತಿನಲ್ಲಿ ಸೋತವರ ಯುರೋಪ್ ಸೀಸನ್ ಸೆಪ್ಟೆಂಬರ್‌ನಲ್ಲೇ ಮುಗಿದುಹೋಗುವ ಕಾಲ ಈಗಿಲ್ಲ.

ಮುಂದಿನ ವಿಶ್ವಕಪ್ 2027ರ ಜೂನ್ 24ರಿಂದ ಜುಲೈ 25ರವರೆಗೆ ಬ್ರೆಜಿಲ್‌ನಲ್ಲಿದೆ. ದಿನಾಂಕ ಮೊದಲೇ ಗೊತ್ತಿರುವ ಟೂರ್ನಿ ಅದು. ವಿಶ್ವಕಪ್ ಆಡಿದವರಿಗೆ ಕನಿಷ್ಠ ನಾಲ್ಕು ವಾರ ರಜೆ, ಆಮೇಲೆ ಎರಡು ವಾರ ತಯಾರಿ ಸಿಗಲೇಬೇಕು. ಹಾಗೆ ಲೆಕ್ಕ ಹಾಕಿದರೆ ಅವರಿರುವ ತಂಡಗಳ ಮೊದಲ ಅರ್ಹತಾ ಪಂದ್ಯ ಸೆಪ್ಟೆಂಬರ್‌ಗೆ ಮೊದಲು ಬರಬಾರದು. ಯುಇಎಫ್ಎ ಮತ್ತು ದೇಶಗಳ ಲೀಗ್‌ಗಳು ಒಟ್ಟಿಗೆ ಕೂತು ಈ ದಿನಾಂಕಗಳನ್ನು ಈಗಲೇ ಬರೆದಿಡಲಿ.